ಹೊಟ್ಟೆ ಕೆಟ್ಟಾಗ ಮಾತ್ರೆಗಿಂತ ಮೊದಲು: ವಿಷ ಕಾರುವ ಬ್ಯಾಕ್ಟೀರಿಯಾ, ಕರುಳಿನ ಉರಿಯೂತ ಪತ್ತೆ ಮಾಡುವ ಕೈಪಿಡಿ

ನಮ್ಮ ಕಡೆ ಹೊಟ್ಟೆ ಕೆಟ್ಟರೆ ಮೊದಲು ಹೋಗುವುದು ಮೆಡಿಕಲ್ ಶಾಪ್‌ಗೆ. 'ಲೂಸ್ ಮೋಷನ್‌ಗೆ ಏನಾದ್ರೂ ಕೊಡಿ' ಅಂದರೆ ಸಾಕು. ಓಫ್ಲಾಕ್ಸಸಿನ್-ಆರ್ನಿಡಜೋಲ್ ಸೇರಿದ ಮಾತ್ರೆ, ಜೊತೆಗೆ ಭೇದಿ ನಿಲ್ಲಿಸುವ ಮಾತ್ರೆ ಕೈಗೆ ಬರುತ್ತವೆ. ಎರಡು ದಿನದಲ್ಲಿ ಹೆಚ್ಚಿನವರಿಗೆ ಗುಣವೂ ಆಗುತ್ತದೆ. ಅವರಲ್ಲಿ ಬಹಳ ಜನರಿಗೆ ಮಾತ್ರೆ ಇಲ್ಲದಿದ್ದರೂ ಗುಣವಾಗುತ್ತಿತ್ತು. ಗುಣವಾಗದವರು ವಾರ ಕಳೆದು, ತಿಂಗಳು ಕಳೆದು ಲ್ಯಾಬ್‌ಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಆ ಅರೆಬರೆ ಕೋರ್ಸ್ ಸುಳಿವನ್ನೆಲ್ಲ ಅಳಿಸಿರುತ್ತದೆ. ಕಲ್ಚರ್ ಹಾಕಿದರೆ, ಅಂದರೆ ಮಲದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡಿದರೆ, ಏನೂ ಬೆಳೆಯುವುದಿಲ್ಲ. ರೋಗ ಮಾತ್ರ ಹಾಗೇ ಇರುತ್ತದೆ.

ನಾನು ಚಿಕ್ಕಮಗಳೂರು ಜಿಲ್ಲೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಔಷಧಿ ಬರೆದುಕೊಡುವುದು ಡಾಕ್ಟರ ಕೆಲಸ. ಆದರೆ ಯಾವ ಲಕ್ಷಣ ಯಾವುದರ ಗುರುತು, ಯಾವಾಗ ಮನೆಯಲ್ಲೇ ಕಾಯಬಹುದು, ಯಾವಾಗ ಕಾಯಬಾರದು ಅನ್ನುವುದು ಪ್ರತಿ ಮನೆಗೂ ಗೊತ್ತಿರಬೇಕು. ನನ್ನ ಬೇಡಿಕೆ ಒಂದೇ: ಮೊದಲು ಲಕ್ಷಣ ನೋಡಿ, ಬೇಕಿದ್ದರೆ ಮಲ ಪರೀಕ್ಷೆ ಮಾಡಿಸಿ, ಆಂಟಿಬಯೋಟಿಕ್ ಆಮೇಲೆ.

ಇವು ಕಂಡರೆ ಮುಂದೆ ಓದಬೇಡಿ, ಹೊರಡಿ

- ಆರೆಂಟು ಗಂಟೆಯಿಂದ ಮೂತ್ರವೇ ಇಲ್ಲ, ಅಥವಾ ತೀರಾ ಕಡಿಮೆ, ಕಡು ಹಳದಿ
- ಮಂಪರು, ತಲೆ ನಿಲ್ಲದಿರುವುದು, ಕೈಕಾಲು ತಣ್ಣಗಾಗುವುದು, ಮಗು ಕುಡಿಯಲೂ ಏಳದಿರುವುದು
- ರಕ್ತಭೇದಿಯ ಜೊತೆ ಜ್ವರ, ಅಥವಾ ಜ್ವರವಿಲ್ಲದಿದ್ದರೂ ಪದೇ ಪದೇ ರಕ್ತ
- ಹೊಟ್ಟೆ ಉಬ್ಬಿ ಗಟ್ಟಿಯಾಗಿ ಮುಟ್ಟಿದರೆ ಜೋರು ನೋವು. ಇಷ್ಟು ದಿನ ಇದ್ದ ಭೇದಿ ಹಠಾತ್ತಾಗಿ ನಿಂತು ಹೀಗಾದರೆ ಇನ್ನೂ ಅಪಾಯ
- ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ

ಹಸುಗೂಸು, ಬಸುರಿ ಹೆಂಗಸರು, 65 ದಾಟಿದವರು, ಕಿಡ್ನಿ ತೊಂದರೆ ಇರುವವರು, ಸ್ಟೀರಾಯ್ಡ್ ಅಥವಾ ಕೀಮೋ ತೆಗೆದುಕೊಳ್ಳುತ್ತಿರುವವರು ಇಷ್ಟಾಗುವವರೆಗೆ ಕಾಯಬಾರದು. 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ಮಂಗಳೂರು ಕಡೆ ಹೋಗಬೇಕಾಗಬಹುದು ಅನ್ನಿಸಿದರೆ ಬೆಳಕಿರುವಾಗಲೇ ನಿರ್ಧಾರ ಮಾಡಿ.

ಮೊದಲ ತಪಾಸಣೆ: ಒಂದು ಪೆನ್ನು, ಒಂದು ಚೀಟಿ

ಇದಕ್ಕೆ ಖರ್ಚಿಲ್ಲ. ಕೊನೆಯ ಎರಡು ದಿನ ಏನೇನು ತಿಂದಿರಿ? ತಿಂದ ಎಷ್ಟು ಗಂಟೆಗೆ ಶುರುವಾಯಿತು? ಮೊದಲು ವಾಂತಿಯೋ ಭೇದಿಯೋ? ಅದೇ ಊಟ ಮಾಡಿದ ಬೇರೆಯವರಿಗೂ ಆಗಿದೆಯಾ? ಮಲದಲ್ಲಿ ರಕ್ತ, ಲೋಳೆ ಇದೆಯಾ? ಕಳೆದ ಮೂರು ತಿಂಗಳಲ್ಲಿ ಯಾವ ಮಾತ್ರೆ ನುಂಗಿದ್ದೀರಿ? ಕುಡಿಯುವ ನೀರು ಬಾವಿಯದೋ, ಬೋರಿನದೋ, ಗುಡ್ಡದಿಂದ ಪೈಪ್ ಹಾಕಿದ ಅಬ್ಬಿ ನೀರೋ?

ಈ ಚೀಟಿಗೆ ಇಷ್ಟು ಬೆಲೆ ಯಾಕೆ ಅಂದರೆ, ಬ್ಯಾಕ್ಟೀರಿಯಾದ ವಿಷ ಹೆಚ್ಚುಕಡಿಮೆ ಮೂರು ಬಗೆ. ಒಂದು ಊಟದಲ್ಲೇ ತಯಾರಾಗಿ ಹೊಟ್ಟೆಗೆ ಬರುವ ವಿಷ. ಅದು ಗಂಟೆಗಳಲ್ಲಿ ವಾಂತಿ ಮಾಡಿಸುತ್ತದೆ. ಇನ್ನೊಂದು ಕರುಳಿನೊಳಗೆ ನೀರು ಸುರಿಸುವ ವಿಷ. ಭೇದಿ ನೀರಿನಂತಿರುತ್ತದೆ, ಆದರೆ ಕರುಳಿನ ಒಳಪದರಕ್ಕೆ ಗಾಯವಾಗುವುದಿಲ್ಲ. ಮೂರನೆಯದು ಆ ಒಳಪದರವನ್ನೇ ಕೆಡಿಸುವ ವಿಷ. ಜೀವಕೋಶ ಸಾಯುತ್ತದೆ, ಬಿಳಿ ರಕ್ತಕಣಗಳು ಮುತ್ತಿಕೊಳ್ಳುತ್ತವೆ, ಪದರ ಊದಿ ಕೆಂಪಾಗಿ ರಕ್ತ ಒಸರುತ್ತದೆ. ಉರಿಯೂತ ಅನ್ನುವುದು ಇದನ್ನೇ. ಸಮಯ ಮತ್ತು ಮಲದ ರೂಪ, ಈ ಎರಡೇ ಸೇರಿ ಯಾವ ಬಗೆ ಅನ್ನುವುದನ್ನು ಮುಕ್ಕಾಲು ಪಾಲು ಹೇಳಿಬಿಡುತ್ತವೆ.

ಲಕ್ಷಣ: ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ

ಬೆಳಿಗ್ಗೆ ಚಿತ್ರಾನ್ನ ತಿಂದು ಹತ್ತು ಗಂಟೆಗೆಲ್ಲ ವಾಂತಿ ಶುರುವಾದರೆ ರಾತ್ರಿಯ ಅನ್ನವನ್ನು ನೆನಪು ಮಾಡಿಕೊಳ್ಳಿ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಅಕ್ಕಿಯಲ್ಲೇ ಇರುತ್ತದೆ. ಅನ್ನ ಬೆಂದರೂ ಅದು ಉಳಿದುಕೊಳ್ಳುತ್ತದೆ. ಪಾತ್ರೆ ಹೊರಗೇ ಇದ್ದರೆ ರಾತ್ರಿಯಿಡೀ ಬೆಳೆದು ವಿಷ ಬಿಡುತ್ತದೆ. ಬೆಳಿಗ್ಗೆ ಒಗ್ಗರಣೆಯಲ್ಲಿ ಎಷ್ಟು ಹುರಿದರೂ ಆ ವಿಷ ಹೋಗುವುದಿಲ್ಲ. ಸ್ಟೆಫಿಲೋಕಾಕಸ್ ಆರಿಯಸ್ ಕೂಡ ಹೀಗೆಯೇ. ಅದು ಕೈಯ ಗಾಯ, ಮೂಗಿನಿಂದ ಸಿಹಿತಿಂಡಿ, ಖೋವಾ, ಕ್ರೀಮ್, ಕೈಯಲ್ಲಿ ಕಲಸಿದ ಅಡುಗೆಗೆ ಸೇರುತ್ತದೆ. ಅದರ ವಿಷವೂ ಕುದಿಸಿದರೆ ಕೆಡದು. ಇವೆರಡೂ ಅರ್ಧ ಗಂಟೆಯಿಂದ ಆರೆಂಟು ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ.

ಇಲ್ಲಿ ಬ್ಯಾಕ್ಟೀರಿಯಾ ಕರುಳಿನಲ್ಲಿ ಮನೆ ಮಾಡಿರುವುದಿಲ್ಲ. ಬಂದಿರುವುದು ವಿಷ ಮಾತ್ರ. ಹಾಗಾಗಿ ಆಂಟಿಬಯೋಟಿಕ್‌ಗೆ ಕೊಲ್ಲಲು ಏನೂ ಇಲ್ಲ. ಒಂದು ದಿನದಲ್ಲಿ ತಾನಾಗಿ ಇಳಿಯುತ್ತದೆ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಸ್ವಲ್ಪ ಸ್ವಲ್ಪ ಓಆರ್‌ಎಸ್ ಕೊಡಿ. ಒಂದು ದಿನ ಕಳೆದರೂ ಹೊಟ್ಟೆಯಲ್ಲಿ ಹನಿ ನೀರೂ ನಿಲ್ಲದಿದ್ದರೆ ಆಸ್ಪತ್ರೆ.

ಒಂದು ಎಚ್ಚರಿಕೆ. ಕಣ್ಣು ಮಂಜಾಗುವುದು, ರೆಪ್ಪೆ ಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಜೊತೆಗಿದ್ದರೆ ಅದು ಬೇರೆಯೇ ವಿಷ, ನರಕ್ಕೆ ಸಂಬಂಧಿಸಿದ್ದು. ಒಂದು ನಿಮಿಷವೂ ಕಾಯಬೇಡಿ. ಮಳೆಗಾಲದಲ್ಲಿ ಕಾಡಿನ ಅಣಬೆ ತಿಂದು ವಾಂತಿಯಾದರೂ ಅಷ್ಟೇ. ಅದು ಬ್ಯಾಕ್ಟೀರಿಯಾದ ಕೆಲಸ ಅಲ್ಲ. ಉಳಿದ ಅಣಬೆಯನ್ನು ಕಟ್ಟಿಕೊಂಡೇ ಆಸ್ಪತ್ರೆಗೆ ಹೋಗಿ. ಕೆಲವು ವಿಷದ ಅಣಬೆ ತಿಂದವರಿಗೆ ಮಧ್ಯೆ ಒಂದು ದಿನ ಆರಾಮಾದಂತೆ ಕಾಣುತ್ತದೆ, ಒಳಗೆ ಲಿವರ್ ಕೆಡುತ್ತಿರುತ್ತದೆ.

ಲಕ್ಷಣ: ಬಾಡೂಟದ ರಾತ್ರಿ ಅಥವಾ ಮಾರನೇ ದಿನ ಹೊಟ್ಟೆ ನುಲಿತ, ಭೇದಿ

ಬೀಗರ ಊಟ, ಹಬ್ಬದ ಬಾಡೂಟ ಆಗಿ 6ರಿಂದ 24 ಗಂಟೆಯೊಳಗೆ ಹೊಟ್ಟೆ ನುಲಿದು ಭೇದಿ, ವಾಂತಿ ಕಡಿಮೆ, ಜ್ವರ ಇಲ್ಲ, ಊಟ ಮಾಡಿದ ಹಲವರಿಗೆ ಒಟ್ಟಿಗೆ ಆಗಿದೆ. ಹೀಗಿದ್ದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮೇಲೆ ಅನುಮಾನ ಪಡಬಹುದು. ದೊಡ್ಡ ಹಂಡೆಯಲ್ಲಿ ಮಾಡಿದ ಮಟನ್ ಸಾರು ನಿಧಾನವಾಗಿ ಆರುವಾಗ ಇದು ಬೆಳೆಯುತ್ತದೆ. ಹೊಟ್ಟೆಗೆ ಹೋದ ಮೇಲೆ ಕರುಳಿನಲ್ಲಿ ವಿಷ ಬಿಡುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ನಿಲ್ಲುತ್ತದೆ. ಓಆರ್‌ಎಸ್, ಗಂಜಿ, ವಿಶ್ರಾಂತಿ ಸಾಕು. ಊಟ ಹಾಕಿಸಿದವರು ಉಳಿದ ಸಾರನ್ನು ಅಗಲ ಪಾತ್ರೆಗಳಿಗೆ ಸುರಿದು ಬೇಗ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಟ್ಟರೆ ಈ ತೊಂದರೆಯೇ ಇರುವುದಿಲ್ಲ. ಮರುದಿನ ಬಡಿಸುವ ಮೊದಲು ಕುದಿ ಬರಲೇಬೇಕು.

ಲಕ್ಷಣ: ನೀರು ನೀರಾಗಿ ಭೇದಿ, ರಕ್ತ ಇಲ್ಲ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಜಾಸ್ತಿ ನೋಡುವುದು ಇದನ್ನೇ. ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆ ತೋಟದ ಲೈನ್ ಮನೆಗಳಿಗೆ ಅಬ್ಬಿ ನೀರು ಬರುತ್ತದೆ. ಹೊಸ ನೀರು ಗುಡ್ಡದ ಮೇಲಿನ ಕೊಳೆಯನ್ನೆಲ್ಲ ತಂದು ಅದಕ್ಕೆ ಸೇರಿಸುತ್ತದೆ. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯಲ್ಲಿ ಕಥೆ ಬೇರೆ. ಅಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಪೈಪ್ ಎಲ್ಲಾದರೂ ಒಡೆದು ಚರಂಡಿಯ ಪಕ್ಕ ಹಾದಿದ್ದರೆ, ನೀರು ನಿಂತಾಗ ಕೊಳೆ ಒಳಗೆ ಎಳೆದುಕೊಳ್ಳುತ್ತದೆ.

ಇದಕ್ಕೆ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಹೆಚ್ಚಾಗಿ ವಿಷ ಕಾರುವ ಒಂದು ಬಗೆಯ ಇ. ಕೋಲಿ. ತೀವ್ರವಾದರೆ, ಮಲ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಲೀಟರ್‌ಗಟ್ಟಲೆ ಹೋದರೆ, ಕಾಲರಾ. ಚಿಕ್ಕ ಮಕ್ಕಳಲ್ಲಿ ರೋಟಾ ಥರದ ವೈರಸ್ಸೂ ಇರಬಹುದು. ಕಾಲರಾದ ವಿಷವನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು 1959ರಲ್ಲಿ, ಕೋಲ್ಕತ್ತದ ಶಂಭುನಾಥ್ ಡೇ. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದು ಉಳಿದ ದ್ರವವನ್ನಷ್ಟೇ ಮೊಲದ ಕರುಳಿಗೆ ಹಾಕಿದರೂ ಕರುಳು ನೀರು ತುಂಬಿ ಊದಿತು. ಅಂದರೆ ಕೆಲಸ ಮಾಡುತ್ತಿದ್ದದ್ದು ವಿಷ. ಈ ವಿಷ ಕರುಳಿನ ಕೋಶಕ್ಕೆ ಉಪ್ಪಿನಂಶವನ್ನು ಹೊರಗೆ ಸುರಿಯುತ್ತಲೇ ಇರುವಂತೆ ಮಾಡುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ. ಕೋಶ ಸಾಯುವುದಿಲ್ಲ. ಅದಕ್ಕೇ ರಕ್ತ ಇಲ್ಲ, ಕೀವು ಇಲ್ಲ, ಜೋರು ಜ್ವರ ಇಲ್ಲ. ಮೈಕ್ರೋಸ್ಕೋಪಿನ ಕೆಳಗೆ ಇಂಥ ಮಲದಲ್ಲಿ ನನಗೆ ಕೀವು ಕಣ ಕಾಣುವುದು ಅಪರೂಪ.

ಇಷ್ಟು ಕೆಡಿಸಿದರೂ ಈ ವಿಷ ಒಂದು ದಾರಿಯನ್ನು ಮುಟ್ಟುವುದಿಲ್ಲ. ಸಕ್ಕರೆ ಮತ್ತು ಉಪ್ಪು ಒಟ್ಟಿಗೆ ಬಂದಾಗ ಎರಡನ್ನೂ ಒಳಗೆ ಎಳೆದುಕೊಳ್ಳುವ ದಾರಿ ತೆರೆದೇ ಇರುತ್ತದೆ. ಅವುಗಳ ಹಿಂದೆ ನೀರೂ ಒಳಗೆ ಬರುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಈ ದಾರಿಯಿಂದ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಾಲನಾಬಿಸ್ ಇದನ್ನೇ ಡ್ರಮ್‌ಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಇಷ್ಟು ದೊಡ್ಡ ಔಷಧಿ ನಮ್ಮ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಅದನ್ನು ಬಿಟ್ಟು ಆಂಟಿಬಯೋಟಿಕ್ ಕೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಲಸುವ ಮೊದಲು ಪ್ಯಾಕೆಟ್ ಓದಿ. ದೊಡ್ಡದು ಒಂದು ಲೀಟರ್‌ಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದರೆ ಮಗುವಿಗೆ ಉಪ್ಪು ಜಾಸ್ತಿಯಾಗಿ ಅಪಾಯ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಹತ್ತು ವರ್ಷದವರೆಗೆ 100ರಿಂದ 200 ಮಿ.ಲೀ., ದೊಡ್ಡವರಿಗೆ ಬೇಕೆನಿಸಿದಷ್ಟು. ಮಕ್ಕಳಿಗೆ ಜೊತೆಗೆ ಜಿಂಕ್ ಮಾತ್ರೆ: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10 ಮಿ.ಗ್ರಾಂ, 10ರಿಂದ 14 ದಿನ. ತಾಯಿಹಾಲು ನಿಲ್ಲಿಸಬಾರದು. ಅಂಗಡಿಯ ಟೆಟ್ರಾ ಪ್ಯಾಕಿನ ಹಣ್ಣಿನ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅದರಲ್ಲಿ ಸಕ್ಕರೆ ಜಾಸ್ತಿ, ಭೇದಿಯೂ ಜಾಸ್ತಿಯಾಗುತ್ತದೆ.

ನೀರಿನಂಶ ಎಷ್ಟು ಇಳಿದಿದೆ ಅಂತ ಮನೆಯಲ್ಲೇ ನೋಡಬಹುದು. ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಡಿ. ತಟ್ಟನೆ ಹಿಂದಕ್ಕೆ ಹೋಗದೆ ನಿಧಾನವಾಗಿ ಹೋದರೆ, ಕಣ್ಣು ಗುಳಿ ಬಿದ್ದಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ ಮನೆಮದ್ದಿನ ಹೊತ್ತು ಮುಗಿಯಿತು. ದೊಡ್ಡವರಿಗೆ ಮೂರು ದಿನಕ್ಕೂ ಭೇದಿ ನಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಕಾಫಿ ಬಿಡಬೇಕಾ ಅಂತ ನಮ್ಮ ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಕಾಫಿ ಸೋಂಕು ತರುವುದಿಲ್ಲ. ಆದರೆ ಕರುಳನ್ನು ಚುರುಕು ಮಾಡುತ್ತದೆ. ನಾಲ್ಕು ದಿನ ಬಿಟ್ಟರೆ ಹೊಟ್ಟೆಗೆ ಆರಾಮ.

ಲಕ್ಷಣ: ರಕ್ತ, ಲೋಳೆ, ಜ್ವರ, ಮತ್ತೆ ಮತ್ತೆ ಒತ್ತಡ

ಹಿರಿಯರು ಆಮಶಂಕೆ ಅನ್ನುವುದು ಇದಕ್ಕೇ. ಇಲ್ಲಿಂದ ಮುಂದೆ ಮನೆಯಲ್ಲಿ ಪ್ರಯೋಗ ಬೇಡ.

ಸುಲಭದ ತಪಾಸಣೆಯೊಂದನ್ನು ಮೊದಲು ಮಾಡಿ. ಮಲ ಗಟ್ಟಿಯಾಗಿದ್ದು ಕೊನೆಯಲ್ಲಿ ಕೆಂಪು ರಕ್ತ ತೊಟ್ಟಿಕ್ಕಿದರೆ, ಮಲದ ಮೇಲ್ಗಡೆ ಮಾತ್ರ ಹತ್ತಿದ್ದರೆ, ಮೂಲವ್ಯಾಧಿ ಅಥವಾ ಗುದದ ಸೀಳು ಇರಬಹುದು. ರಕ್ತ ಲೋಳೆಯೊಂದಿಗೆ ಮಲದೊಳಗೇ ಬೆರೆತಿದ್ದರೆ ಕರುಳಿನ ಒಳಪದರ ಗಾಯವಾಗಿದೆ ಅಂತಲೇ ತಿಳಿಯಿರಿ. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದರೆ ಅದನ್ನೂ ನೆನಪಿಸಿಕೊಳ್ಳಿ.

ಸಾಮಾನ್ಯ ಕಾರಣ ಶಿಗೆಲ್ಲಾ. 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ಇದನ್ನು ಗುರುತಿಸಿದರು. ಈ ಗುಂಪು ಕರುಳಿನ ಕೋಶದೊಳಕ್ಕೇ ನುಗ್ಗುತ್ತದೆ. ಇದರ ಒಂದು ಬಗೆ ಶಿಗಾ ವಿಷವನ್ನೂ ಬಿಡುತ್ತದೆ. ಆ ವಿಷ ಕೋಶದೊಳಗೆ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿ ಕೋಶವನ್ನು ಕೊಲ್ಲುತ್ತದೆ. ಇದೇ ವಿಷ ಬಿಡುವ ಇ. ಕೋಲಿಯೂ ಇದೆ, ಓ157 ಅದರಲ್ಲಿ ಹೆಸರಾದದ್ದು. ಅದರಲ್ಲಿ ರಕ್ತ ಜಾಸ್ತಿ, ಜ್ವರ ಕಡಿಮೆ. ಭಯ ಇರುವುದು ಆಮೇಲೆ. ಸುಮಾರು ಒಂದು ವಾರಕ್ಕೆ, ಭೇದಿ ಇಳಿಯಿತು ಅನ್ನುವಾಗ, ಮಗು ಬಿಳಿಚಿಕೊಂಡು ಮೂತ್ರ ಕಡಿಮೆಯಾದರೆ ವಿಷ ಕಿಡ್ನಿಗೆ ತಲುಪಿದೆ. ಈ ಬಗೆಗೆ ಆಂಟಿಬಯೋಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಒಡೆದು ವಿಷ ಇನ್ನಷ್ಟು ಹೊರಬರುವ ಅಪಾಯ ಇದೆ. ಶಿಗೆಲ್ಲಾಕ್ಕಾದರೆ ಆಂಟಿಬಯೋಟಿಕ್ ಬೇಕಾಗಬಹುದು. ಎರಡೂ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಹಾಗಾದರೆ ಕಲ್ಚರ್ ಮಾಡದೆ ಮಾತ್ರೆ ಆರಿಸುವುದು ಹೇಗೆ? ಡಾಕ್ಟರ್ ಪರಿಸ್ಥಿತಿ ನೋಡಿ ತಕ್ಷಣ ಕೊಡಲೇಬೇಕು ಅಂದರೂ, ಮೊದಲ ಮಾತ್ರೆಗೆ ಮುಂಚೆ ಒಂದು ಡಬ್ಬಿ ಮಲ ಕೊಟ್ಟುಬಿಡಿ.

ಇನ್ನೊಂದು ಕಾರಣ ಅಮೀಬಾ. ಅದು ಬ್ಯಾಕ್ಟೀರಿಯಾ ಅಲ್ಲ, ಆದರೆ ನಮ್ಮಲ್ಲಿ ಸಿಗುತ್ತದೆ. ನಿಧಾನವಾಗಿ ಶುರುವಾಗುತ್ತದೆ, ಜ್ವರ ಇಲ್ಲದೆಯೂ ಇರಬಹುದು. ಅದಕ್ಕೆ ಔಷಧಿಯೇ ಬೇರೆ.

ಲೊಪೆರಮೈಡ್ ಥರದ ಭೇದಿ ನಿಲ್ಲಿಸುವ ಮಾತ್ರೆ ಇಲ್ಲಿ ಬೇಡವೇ ಬೇಡ. ಕರುಳಿನ ಓಟ ನಿಂತರೆ ವಿಷ ಒಳಗೇ ಉಳಿಯುತ್ತದೆ. ಕರುಳು ಹಿಗ್ಗಿ ಪ್ರಾಣಕ್ಕೇ ಅಪಾಯವಾಗಬಹುದು. ಚಿಕ್ಕ ಮಕ್ಕಳಿಗೆ ಭೇದಿ ಯಾವುದೇ ಇರಲಿ, ಈ ಮಾತ್ರೆ ಕೊಡಬಾರದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನವರಿಗೆ ಒಂದು ಮಾತು. ಡಿಸೆಂಬರ್‌ನಿಂದ ಮೇ ತನಕ ಜೋರು ಜ್ವರ, ಮೈಕೈ ನೋವು, ವಾಂತಿ, ಭೇದಿ ಒಟ್ಟಿಗೆ ಬಂದರೆ ಕಾಡಿಗೆ ಹೋಗಿದ್ದನ್ನು, ಉಣ್ಣಿ ಕಚ್ಚಿದ್ದನ್ನು, ಸತ್ತ ಮಂಗ ಕಂಡಿದ್ದನ್ನು ಡಾಕ್ಟರಿಗೆ ಹೇಳಿ. ಅದು ಮಂಗನ ಕಾಯಿಲೆ ಇರಬಹುದು. ಹೊಟ್ಟೆಯದೇ ತೊಂದರೆ ಅಂತ ಕೂರಬೇಡಿ.

ಲಕ್ಷಣ: ಆಂಟಿಬಯೋಟಿಕ್ ಕೋರ್ಸ್ ನಡುವೆ ಅಥವಾ ಮುಗಿದ ಮೇಲೆ ಭೇದಿ

ಹಲ್ಲಿಗೆ, ಕೆಮ್ಮಿಗೆ, ಮೂತ್ರದ ಸೋಂಕಿಗೆ ಆಂಟಿಬಯೋಟಿಕ್ ತೆಗೆದುಕೊಂಡಿದ್ದೀರಿ. ಈಗ ಮಲ ಸ್ವಲ್ಪ ಸಡಿಲ. ಹೆಚ್ಚಿನವರಿಗೆ ಇದು ಔಷಧಿಯ ಪರಿಣಾಮ, ಕೋರ್ಸ್ ನಿಂತ ಮೇಲೆ ಸರಿಹೋಗುತ್ತದೆ. ದಿನಕ್ಕೆ ಮೂರು ಅಥವಾ ಜಾಸ್ತಿ ಸಲ ನೀರು ಭೇದಿ, ಹೊಟ್ಟೆನೋವು, ಜ್ವರ ಇದ್ದರೆ ಸಿ. ಡಿಫ್ ಬಗ್ಗೆ ಕೇಳಿ. ಪೂರ್ತಿ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ಕೋರ್ಸ್ ಮುಗಿದು ಮೂರು ತಿಂಗಳವರೆಗೂ ಬರಬಹುದು. ವಯಸ್ಸಾದವರು, ಆಸ್ಪತ್ರೆಯಲ್ಲಿ ಮಲಗಿ ಬಂದವರು, ಗ್ಯಾಸ್ಟ್ರಿಕ್‌ಗೆ ಅಂತ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಅಪಾಯ ಜಾಸ್ತಿ.

ಒಳ್ಳೆಯ ಬ್ಯಾಕ್ಟೀರಿಯಾ ಇರುವ ತನಕ ಸಿ. ಡಿಫ್‌ಗೆ ಜಾಗ ಸಿಗುವುದಿಲ್ಲ. ಆಂಟಿಬಯೋಟಿಕ್ ಅವುಗಳನ್ನು ಗುಡಿಸಿ ಹಾಕಿದಾಗ ಇದು ಹಬ್ಬುತ್ತದೆ. ಇದು ಎ ಮತ್ತು ಬಿ ಅನ್ನುವ ಎರಡು ವಿಷ ಬಿಡುತ್ತದೆ. ಕರುಳಿನ ಕೋಶಗಳು ಕಲ್ಲುಗೋಡೆಯ ಸಂದಿಗೆ ಗಾರೆ ಮೆತ್ತಿದ ಹಾಗೆ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಈ ವಿಷ ಕೋಶವನ್ನು ಒಳಗಿನಿಂದ ಹಿಡಿದಿಟ್ಟ ಎಳೆಗಳನ್ನು ಕುಸಿಯುವಂತೆ ಮಾಡುತ್ತದೆ. ಕೋಶ ಉರುಟಾಗಿ ಕಳಚಿಕೊಳ್ಳುತ್ತದೆ, ಸಂದು ಬಿಡುತ್ತದೆ. ಬಿಳಿ ರಕ್ತಕಣ ಓಡಿ ಬರುತ್ತವೆ. ದೊಡ್ಡ ಕರುಳಿನ ಮೇಲೆ ಹಳದಿ ಪೊರೆ ಕಟ್ಟುತ್ತದೆ. ವಿಷದಿಂದ ಉರಿಯೂತ ಹೇಗೆ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಪರೀಕ್ಷೆ ನೀರು ಮಲದಲ್ಲಿ ಮಾತ್ರ. ಗಟ್ಟಿ ಮಲ ತಂದರೆ ಮಾಡಿ ಪ್ರಯೋಜನವಿಲ್ಲ, ಯಾಕೆಂದರೆ ಆರೋಗ್ಯವಂತರ ಕರುಳಿನಲ್ಲೂ ಇದು ಸುಮ್ನೆ ಕೂತಿರಬಹುದು. ಬ್ಯಾಕ್ಟೀರಿಯಾ ಇದೆಯಾ, ವಿಷ ಇದೆಯಾ ಎರಡನ್ನೂ ನೋಡಬೇಕು. ಗುಣವಾದ ಮೇಲೆ 'ಹೋಗಿದೆಯಾ ನೋಡಿ' ಅಂತ ಮತ್ತೆ ಮಾಡಿಸುವುದೂ ಬೇಡ. ತಿಂಗಳುಗಟ್ಟಲೆ ಪಾಸಿಟಿವ್ ಬರಬಹುದು. ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ, ಸಾಧ್ಯವಾದರೆ ಹಳೆಯ ಆಂಟಿಬಯೋಟಿಕ್ ನಿಲ್ಲಿಸುವುದು. ಅದನ್ನು ಬರೆದ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಆಮೇಲೆ ಬಾಯಿಯಿಂದ ಕೊಡುವ ವ್ಯಾಂಕೋಮೈಸಿನ್ ಥರದ ಔಷಧಿ. ಸುಮಾರು ಆರರಲ್ಲಿ ಒಬ್ಬರಿಗೆ ಎರಡು ತಿಂಗಳೊಳಗೆ ಮರುಕಳಿಸುತ್ತದೆ. ಆದ್ದರಿಂದ ಮತ್ತೆ ಭೇದಿ ಬಂದರೆ ಹಳೆಯ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಮಾತ್ರೆ ತರಬೇಡಿ, ಡಾಕ್ಟರನ್ನೇ ನೋಡಿ.

ಲಕ್ಷಣ: ನಾಲ್ಕು ವಾರ ದಾಟಿದ ಭೇದಿ, ಹೊಟ್ಟೆನೋವು

ಸೋಂಕು ಆದ ಹತ್ತರಲ್ಲಿ ಒಬ್ಬರಿಗೆ ಆಮೇಲೂ ತಿಂಗಳುಗಟ್ಟಲೆ ಹೊಟ್ಟೆ ಸರಿ ಇರುವುದಿಲ್ಲ. ಕರುಳು ಸೂಕ್ಷ್ಮವಾಗಿರುತ್ತದೆ, ಉರಿಯೂತ ಇರುವುದಿಲ್ಲ. ಇದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್). ಕೆಲವರಿಗೆ ಕೆಲವು ವಾರ ಹಾಲು ಜೀರ್ಣವಾಗುವುದಿಲ್ಲ. ಎರಡು ವಾರ ಹಾಲು ಬಿಟ್ಟು ನೋಡುವುದು ಅಗ್ಗದ ಪರೀಕ್ಷೆ. ಮೊಸರು, ಮಜ್ಜಿಗೆ ಹೆಚ್ಚಿನವರಿಗೆ ಒಗ್ಗುತ್ತದೆ.

ಉರಿಯೂತವನ್ನು ಬೇರೆ ಮಾಡುವ ಗುರುತುಗಳು ಇವು. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ. ತೂಕ ಇಳಿಯುವುದು. ರಕ್ತ, ಲೋಳೆ. ರಕ್ತಹೀನತೆ. ಬಾಯಿಹುಣ್ಣು, ಕೀಲುನೋವು, ಕಣ್ಣು ಕೆಂಪು ಜೊತೆಗಿರುವುದು. 45 ದಾಟಿದ ಮೇಲೆ ಮೊದಲ ಸಲ ಶುರುವಾಗುವುದು. ಇವು ಯಾವುದೇ ಇದ್ದರೂ ಐಬಿಎಸ್ ಅಂತ ಸಮಾಧಾನ ಮಾಡಿಕೊಳ್ಳಬಾರದು. ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವ ದೀರ್ಘ ಉರಿಯೂತ ಇರುವವರು ಮೂಲವ್ಯಾಧಿ ಅಂದುಕೊಂಡು ನಾಟಿ ಔಷಧಿಯಲ್ಲಿ ವರ್ಷ ಕಳೆಯುವುದು ನಮ್ಮ ಕಡೆ ಇದೆ.

ಮೊದಲು ರಕ್ತದ ಸಿಬಿಸಿ (ರಕ್ತಕಣಗಳ ಎಣಿಕೆ), ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯಾ ತೋರಿಸುವ ಪರೀಕ್ಷೆ) ಮತ್ತು ಸಾಮಾನ್ಯ ಮಲ ಪರೀಕ್ಷೆ. ಆಮೇಲೆ ಮಲದ ಕ್ಯಾಲ್‌ಪ್ರೊಟೆಕ್ಟಿನ್. ಬಿಳಿ ರಕ್ತಕಣ ಕರುಳಿಗೆ ಮುತ್ತಿದಾಗ ಬಿಡುವ ಪ್ರೋಟೀನ್ ಇದು. ಗ್ರಾಮಿಗೆ 50 ಮೈಕ್ರೋಗ್ರಾಮ್‌ಗಿಂತ ಕಡಿಮೆ ಇದ್ದರೆ ಉರಿಯೂತದ ಸಾಧ್ಯತೆ ತೀರಾ ಕಡಿಮೆ. 250 ದಾಟಿದರೆ ಸಾಮಾನ್ಯವಾಗಿ ಉರಿಯೂತ ಜೋರಾಗಿದೆ. ನಡುವೆ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ. ತೋಟದ ಕೆಲಸದ ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದರೆ ಅದೂ ಈ ಸಂಖ್ಯೆಯನ್ನು ಏರಿಸುತ್ತದೆ. ಟೆಸ್ಟಿಗೆ ಮೊದಲು ಡಾಕ್ಟರಿಗೆ ತಿಳಿಸಿ. ಉರಿಯೂತ ಇದೆ ಅಂತಾದರೆ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವುದು, ಚೂರು ತೆಗೆದು ಬಯಾಪ್ಸಿ. ಹಾಸನದಲ್ಲಿ ಹಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಚಿಕ್ಕಮಗಳೂರಿನಲ್ಲೂ ಈಗ ಒಂದು ಇದೆ. ಗ್ಯಾಸ್ಟ್ರೋ ತಜ್ಞರು ಎಲ್ಲಿ ಸಿಗುತ್ತಾರೆ ಅಂತ ಅಲ್ಲೇ ವಿಚಾರಿಸಬಹುದು.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ನಮ್ಮ ದೇಶದಲ್ಲಿ ಕರುಳಿನ ಟಿಬಿ ಮತ್ತು ಕ್ರೋನ್ಸ್ ಕಾಯಿಲೆ (ಕರುಳಿನ ಇನ್ನೊಂದು ದೀರ್ಘ ಉರಿಯೂತ) ಒಂದನ್ನೊಂದು ಹೋಲುತ್ತವೆ. ಎರಡೂ ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲಿ, ಹೊಟ್ಟೆಯ ಬಲ ಕೆಳಭಾಗದಲ್ಲಿ, ಕೂರುತ್ತವೆ. ಸಂಜೆ ಜ್ವರ, ತೂಕ ಇಳಿತ ಟಿಬಿಯತ್ತ ಕೈ ತೋರುತ್ತವೆ. ಟಿಬಿ ಅಥವಾ ಅಮೀಬಾ ಇರುವವರಿಗೆ ಉರಿಯೂತ ಅಂತ ಸ್ಟೀರಾಯ್ಡ್ ಕೊಟ್ಟರೆ ರೋಗ ಹರಡುತ್ತದೆ. ಯಾರೋ ಸಂಬಂಧಿಕರಿಗೆ ಗುಣವಾಯಿತು ಅಂತ ಅವರ ಸ್ಟೀರಾಯ್ಡ್ ಮಾತ್ರೆ ಇಸಿದುಕೊಂಡು ನುಂಗಬೇಡಿ.

ಅಲ್ಸರೇಟಿವ್ ಕೊಲೈಟಿಸ್ ಥರದ ದೀರ್ಘ ಉರಿಯೂತದಲ್ಲಿ ವಿಷ ಕಾರುವ ಬ್ಯಾಕ್ಟೀರಿಯಾದ ಪಾತ್ರ ಎಷ್ಟು? ಇದಕ್ಕೆ ಉತ್ತರ ಈಗಷ್ಟೇ ಬಿಚ್ಚಿಕೊಳ್ಳುತ್ತಿದೆ. ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಅನ್ನುವ ಬ್ಯಾಕ್ಟೀರಿಯಾದ ಒಂದು ಬಗೆ, ಕೋಶಗಳನ್ನು ಅಂಟಿಸಿಡುವ ಪ್ರೋಟೀನನ್ನು ಕತ್ತರಿಸುವ ವಿಷ ಬಿಡುತ್ತದೆ. ಕೆಲವು ಇ. ಕೋಲಿ ಬಿಡುವ ಕೋಲಿಬ್ಯಾಕ್ಟಿನ್ ಡಿಎನ್‌ಎಗೇ ಗಾಯ ಮಾಡುತ್ತದೆ. ಅದರ ಗುರುತು ದೊಡ್ಡ ಕರುಳಿನ ಕೆಲವು ಕ್ಯಾನ್ಸರ್‌ಗಳಲ್ಲಿ ಇರುವುದನ್ನು 2020ರಲ್ಲಿ ತೋರಿಸಿದರು. 2025ರಲ್ಲಿ ಚೀನಾದ ಸಂಶೋಧಕರು ಏರೋಮೋನಾಸ್ ಅನ್ನುವ ಬ್ಯಾಕ್ಟೀರಿಯಾದ ಒಂದು ಬಗೆಯನ್ನು ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಲ್ಲಿ ಹೆಚ್ಚಾಗಿ ಕಂಡರು. ಅದರ ಏರೋಲೈಸಿನ್ ವಿಷ ಕರುಳಿನ ಪದರದ ಕೆಳಗೆ ಕಾವಲಿರುವ ಮ್ಯಾಕ್ರೋಫೇಜ್ ಕೋಶಗಳನ್ನು ಕೊಲ್ಲುತ್ತದೆ. ಆದರೂ ಈ ರೋಗಕ್ಕೆ ವಂಶವಾಹಿ, ರೋಗನಿರೋಧಕ ಶಕ್ತಿ, ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಕಾರಣ. ಆ ಬ್ಯಾಕ್ಟೀರಿಯಾ ಕೊಲ್ಲಲು ಅಂತ ನೀವೇ ಆಂಟಿಬಯೋಟಿಕ್ ನುಂಗುವುದಕ್ಕೆ ಈ ಸಂಶೋಧನೆ ಆಧಾರ ಅಲ್ಲ. ಕರುಳಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇವೆ ಅಂತ ಹೇಳುವ, ದುಬಾರಿ ಬೆಲೆಗೆ ಮನೆಗೆ ಬರುವ ಮೈಕ್ರೋಬಯೋಮ್ ಕಿಟ್‌ಗಳಿಂದ ರೋಗ ನಿರ್ಧಾರವೂ ಆಗದು. ಆ ದುಡ್ಡನ್ನು ಕ್ಯಾಲ್‌ಪ್ರೊಟೆಕ್ಟಿನ್‌ಗೆ ಇಟ್ಟುಕೊಳ್ಳಿ.

ಮಲದ ಸ್ಯಾಂಪಲ್ ಕೊಡುವಾಗ

ಲ್ಯಾಬ್ ಕೊಡುವ ಅಗಲ ಬಾಯಿಯ ಡಬ್ಬಿಯನ್ನೇ ಬಳಸಿ. ಮೂತ್ರ, ಕಮೋಡ್ ನೀರು, ಫಿನಾಯಿಲ್ ಸೇರಬಾರದು. ರಕ್ತ, ಲೋಳೆ ಇರುವ ಭಾಗವನ್ನೇ ಚಮಚದಲ್ಲಿ ತೆಗೆಯಿರಿ. ನಾಚಿಕೊಂಡು ಚೆನ್ನಾಗಿ ಕಾಣುವ ಭಾಗ ತರುವವರು ಬಹಳ. ನಮಗೆ ಬೇಕಿರುವುದು ಕೆಟ್ಟ ಭಾಗ. ಅಮೀಬಾ ಅನುಮಾನ ಇದ್ದರೆ ನೀರು ಮಲ ಅರ್ಧ ಗಂಟೆಯೊಳಗೆ ತಲುಪಬೇಕು. ತಣ್ಣಗಾದರೆ ಅದು ಚಲಿಸುವುದು ನಿಲ್ಲಿಸುತ್ತದೆ, ಆಮೇಲೆ ಗುರುತು ಸಿಗುವುದು ಕಷ್ಟ. ದೂರದ ತೋಟದವರು ಲ್ಯಾಬ್‌ಗೇ ಬಂದು ಕೊಡುವುದು ಒಳ್ಳೆಯದು. ಕಲ್ಚರ್‌ಗಾದರೆ ಒಂದೆರಡು ಗಂಟೆಯೊಳಗೆ ತನ್ನಿ.

ಮನೆಯ ಉಳಿದವರು ಮತ್ತು ನೀರಿನ ಮೂಲ

ಸಿ. ಡಿಫ್ ಬೀಜಕಣ ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ಸೋಪು ಹಾಕಿ ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು, ಕಕ್ಕಸನ್ನು ಬ್ಲೀಚಿಂಗ್ ನೀರಿನಲ್ಲಿ ಉಜ್ಜಬೇಕು. ಬ್ಲೀಚಿಂಗ್ ಜೊತೆ ಆಸಿಡ್ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಭೇದಿ ಇರುವವರು ಬೇರೆಯವರಿಗೆ ಅಡುಗೆ ಮಾಡಬಾರದು.

ಒಂದೇ ಲೈನಿನ ಎರಡು ಮನೆಯಲ್ಲಿ ಭೇದಿ ಅಂದರೆ ನೀರನ್ನು ಅನುಮಾನಿಸಿ. ಪಂಚಾಯಿತಿಯ ನೀರುಗಂಟಿಗೆ, ಆಶಾ ಕಾರ್ಯಕರ್ತೆಗೆ ಅವತ್ತೇ ಹೇಳಿ. ಕುಡಿಯುವ ನೀರು ಕೊತಕೊತ ಒಂದು ನಿಮಿಷ ಕುದಿಯಲಿ. ನೀರಿಗೆ ಮಲದ ಬ್ಯಾಕ್ಟೀರಿಯಾ ಸೇರಿದೆಯಾ ನೋಡುವ ಎಚ್‌ಟುಎಸ್ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಇಟ್ಟರೆ, ಮಲಿನ ನೀರು ಕಪ್ಪಾಗುತ್ತದೆ. ಮಳೆಗಾಲದ ಚಳಿಯಲ್ಲಿ 48 ಗಂಟೆ ಕಾಯಿರಿ. ಕಪ್ಪಾದರೆ ಬಾವಿಗೆ ಸಾವಿರ ಲೀಟರ್‌ಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಬೇಕು. ಬಕೆಟ್ಟಿನಲ್ಲಿ ಕರಗಿಸಿ, ತಿಳಿಯನ್ನು ಮಾತ್ರ ರಾತ್ರಿ ಸುರಿದು, ಬೆಳಿಗ್ಗೆ ಸೇದಿ. ಕೆಲವು ದಿನ ಬಿಟ್ಟು ಇನ್ನೊಂದು ಬಾಟಲಿ ಇಡಿ. ಅದೂ ಕಪ್ಪಾದರೆ ಪೌಡರ್ ಹಾಕುತ್ತಾ ಕೂರಬೇಡಿ. ಬಾವಿಯ ಮೇಲ್ಗಡೆ ಇಳಿಜಾರಿನಲ್ಲಿ 15 ಮೀಟರ್‌ಗಿಂತ ಹತ್ತಿರ ಯಾರ ಕಕ್ಕಸಿನ ಗುಂಡಿ ಇದೆ ನೋಡಿ, ಬಾವಿ, ಗುಂಡಿ ಎರಡರಲ್ಲಿ ಒಂದನ್ನು ಅಲ್ಲಿಂದ ಸರಿಸಲೇಬೇಕು.